ಮೊಲಕ್ಕೆ ಹೇಳುವ ಮಾತು

ಹಲಗೆಯ ಮೇಲೆ ಮಲಗಿಸಿದ ಮೊಲ ಮೊದಲು ಏನೂ ಮಾಡುವುದಿಲ್ಲ. ಮುಂಗಾಲು ಎರಡನ್ನೂ ಸೇರಿಸಿ ಒಂದು ಹುರಿ, ಹಿಂಗಾಲಿಗೆ ಇನ್ನೊಂದು. ಎರಡೂ ತುದಿಯ ಮೊಳೆಗೆ ಎಳೆದು ಸಿಕ್ಕಿಸಿದರೆ ಮೊಲ ತನ್ನ ಅಳತೆಗಿಂತ ಉದ್ದವಾಗಿ, ಯಾರೋ ಮರೆತು ಹೋದ ಬಿಳಿ ಬಟ್ಟೆಯ ಹಾಗೆ ಬಿದ್ದಿರುತ್ತದೆ. ಕಣ್ಣು ತೆರೆದೇ ಇರುತ್ತದೆ. ಆ ಗಳಿಗೆಯನ್ನು ಕಂಡರೆ ಹತ್ತಿಯಕ್ಕನಿಗೆ ಆಗುತ್ತಿರಲಿಲ್ಲ. ಮೈಮೇಲಿನ ತುಪ್ಪಟದ ಮೊದಲ ಹಿಡಿ ಕಿತ್ತೊಡನೆ ಮೊಲ ಕೂಗುತ್ತದೆ, ಕೂಗಿತೆಂದರೆ ಕೆಲಸ ಶುರುವಾಯಿತೆಂದು ಲೆಕ್ಕ; ಆಮೇಲೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ. ಕೂಗುವುದಕ್ಕೆ ಮುಂಚೆ ಅದು ಸುಮ್ಮನೆ ನೋಡುತ್ತಾ ಮಲಗಿರುತ್ತದಲ್ಲ, ಆಗ ಮಾತ್ರ ಯಾರೋ ತನ್ನನ್ನು ಏನೋ ಕೇಳಿ ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಅದಕ್ಕೇ ಇರಬೇಕು, ಎಷ್ಟೋ ವರ್ಷಗಳಿಂದ ಅವಳು ಆ ಗಳಿಗೆಯನ್ನು ಮಾತಿನಿಂದ ತುಂಬುವ ಅಭ್ಯಾಸ ಮಾಡಿಕೊಂಡಿದ್ದಳು. ಎಡಗೈಯನ್ನು ಅದರ ಕಿವಿಯ ಬುಡದಲ್ಲಿಟ್ಟು, ಬಾಗಿ, ಬಾಯಿಗೆ ಕಟ್ಟಿಕೊಂಡ ಬಟ್ಟೆಯ ಹಿಂದಿನಿಂದಲೇ ಹೇಳುತ್ತಿದ್ದಳು: "ಆಯ್ತು, ಆಯ್ತು. ನೋವಾಗಲ್ಲ ಕಂದಾ. ಇನ್ನೊಂಚೂರು."

ಹತ್ತಿಯಕ್ಕ ಎಂಬ ಹೆಸರು ಇಟ್ಟವರು ಉಣ್ಣೆಗಾಗಿ ಮೊಲ ಸಾಕುವ ಆ ಶೆಡ್ಡಿನವರೇ. ಇಡೀ ದಿನ ಗಾಳಿಯಲ್ಲಿ ತೇಲುವ ತುಪ್ಪಟವೆಲ್ಲ ಬೇರೆ ಎಲ್ಲರನ್ನೂ ಬಿಟ್ಟು ಅವಳ ತಲೆಗೇ, ಹುಬ್ಬಿಗೇ ಬಂದು ಕೂರುತ್ತಿತ್ತು. ಸಂಜೆ ಹೊರಟಾಗ ಒಡೆದ ಹತ್ತಿಕಾಯಿಯ ಹಾಗೆ ಕಾಣುತ್ತಿದ್ದಳು. ಅವಳು ಕಿತ್ತ ಎಳೆ ಉದ್ದ, ಅವಳ ಮೊಲಗಳು ಒದ್ದಾಡುವುದು ಕಡಿಮೆ, ಚರ್ಮ ಹರಿಯುವುದು ಇಲ್ಲವೇ ಇಲ್ಲ. ಹೊಸಬರು ಬಂದರೆ ಮೇಸ್ತ್ರಿ ಅವಳ ಹಲಗೆಯ ಪಕ್ಕ ನಿಲ್ಲಿಸಿ, "ಕೈ ನೋಡಬೇಡಿ, ಬಾಯಿ ನೋಡಿ ಕಲೀರಿ" ಅನ್ನುತ್ತಿದ್ದ. ಪಕ್ಕದ ಹಲಗೆಯ ಕನ್ನಡಕದವಳದ್ದು ಬೇರೆಯೇ ಕ್ರಮ. ಅವಳು ಮೊಲವನ್ನು "ಅತ್ತೆಮ್ಮಾ" ಎಂದು ಕರೆದು ಬೈಯುತ್ತಾ ಕೀಳುತ್ತಿದ್ದಳು. "ಬದುಕಿದ್ದಾಗ ಒಂದು ದಿನ ಎದುರಾಡ್ಲಿಲ್ಲ ಕಣೇ, ಈಗ ಬಡ್ಡಿ ಸಮೇತ ತೀರಿಸ್ಕೋತಿದೀನಿ" ಎಂದು ಅವಳು ನಗಿಸಿದರೆ ಹತ್ತಿಯಕ್ಕನೂ ನಗುತ್ತಿದ್ದಳು. ಮನಸ್ಸಿನ ಮೂಲೆಯಲ್ಲಿ ಮಾತ್ರ, ಬೈಯುತ್ತಾ ಕೀಳುವವಳಿಗಿಂತ ತಾನು ಮೇಲು ಎಂಬ ಒಂದು ಸಣ್ಣ ನೆಮ್ಮದಿ ಬೆಚ್ಚಗೆ ಕೂತಿರುತ್ತಿತ್ತು.

ಅವತ್ತು ಬೆಳಗ್ಗಿನಿಂದ ಹತ್ತಿಯಕ್ಕನ ಮನಸ್ಸು ಕೆಲಸದಲ್ಲಿರಲಿಲ್ಲ. ಮಗಳು ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು. ಒಳಗಿನ ಗಡ್ಡೆ ಔಷಧಿಗೆ ಬಗ್ಗಿದೆಯೋ ಇಲ್ಲವೋ ಎಂದು ಡಾಕ್ಟರು ಇವತ್ತು ಹೇಳುವವರಿದ್ದರು. ರಜೆ ಕೇಳಿದ್ದಕ್ಕೆ ಮೇಸ್ತ್ರಿ, ಗೂಡುಗಳ ಸಾಲಿನತ್ತ ಕೈ ತೋರಿಸಿ, "ಇವು ಕಾಯ್ತವಾ ಅಕ್ಕಾ? ತುಪ್ಪಟ ಮಾಗಿ ಕೂತಿದೆ" ಅಂದಿದ್ದ. ಮಾಗಿ ಕೂತಿದೆ ಎಂದ ಮಾತು ಅಲ್ಲೇ ನಿಲ್ಲದೆ ಅವಳ ಜೊತೆ ಹಲಗೆಯವರೆಗೆ ಬಂತು. ಮೂರನೆಯ ಸಲ ಔಷಧಿ ಏರಿಸಿ ಬಂದ ವಾರ ಮಗಳು ಕನ್ನಡಿಯ ಮುಂದೆ ನಿಂತು, "ಅಮ್ಮಾ, ಇಲ್ಲಿ ನೋಡು, ಎಳೆದ್ರೆ ನೋವೇ ಆಗಲ್ಲ" ಎಂದು ನಗುತ್ತಾ ಒಂದು ಹಿಡಿ ಕೂದಲನ್ನು ಹಾಗೇ ತೆಗೆದು ಅವಳ ಅಂಗೈಯಲ್ಲಿ ಇಟ್ಟಿದ್ದಳು. ಆ ನಗು ಎಷ್ಟು ಹೊತ್ತು ನಿಂತೀತೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಹತ್ತಿಯಕ್ಕ ತನ್ನನ್ನು ತಾನು ಇವತ್ತಿಗೂ ಕ್ಷಮಿಸದಿದ್ದದ್ದು ಬೇರೆ ಒಂದು ವಿಷಯಕ್ಕೆ. ಅಂಗೈಗೆ ಕೂದಲು ಬಿದ್ದೊಡನೆ ಅವಳ ಹೆಬ್ಬೆರಳು, ಅವಳನ್ನು ಕೇಳದೆ, ಅದನ್ನು ಹರವಿ ಉದ್ದ ನೋಡಿತ್ತು. ಒಳ್ಳೆ ಎಳೆ, ಎಂದು ಬೆರಳು ಹೇಳಿತ್ತು. ಮಗಳು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದುದರಿಂದ ಅದು ಅವಳ ಕಣ್ಣಿಗೆ ಬೀಳಲಿಲ್ಲ.

ಕೂದಲು ಪೂರ್ತಿ ಹೋದ ಮೇಲೆ ಮಗಳ ನೆತ್ತಿ ಏನನ್ನೂ ತಡೆಯದಾಯಿತು. ದಿಂಬಿನ ಬಟ್ಟೆ ತಗುಲಿದರೂ ಉರಿ, ಬಿಟ್ಟರೆ ಚಳಿ. ಅಂಗಡಿಯ ಟೋಪಿಗಳು ಹೊಲಿಗೆಯ ಗೆರೆಯುದ್ದಕ್ಕೂ ಚರ್ಮವನ್ನು ಕೆಂಪಗೆ ಉಜ್ಜಿಬಿಡುತ್ತಿದ್ದವು. ಆಗ ಹತ್ತಿಯಕ್ಕ ದಿನಾ ಸಂಜೆ ಶೆಡ್ಡಿನ ಬಾಗಿಲಲ್ಲಿ ಮೈ ಕೊಡವಿಕೊಳ್ಳುವುದನ್ನು ನಿಲ್ಲಿಸಿದಳು. ಮನೆಗೆ ಬಂದು ಹಳೆಯ ಬೆಡ್‌ಶೀಟಿನ ಮೇಲೆ ನಿಂತು, ತಲೆಯಿಂದ, ತೋಳಿನಿಂದ, ಕುಪ್ಪಸದ ಮಡಿಕೆಯಿಂದ ಒಂದೊಂದೇ ನವಿರು ಬಿಡಿಸಿ ಕೂಡಿಟ್ಟಳು. ಇದು ಕದ್ದದ್ದಲ್ಲ, ಹೇಗೂ ಗುಡಿಸಿ ಬಿಸಾಡುವಂಥದ್ದು, ಎಂದುಕೊಂಡಳು. ಅದನ್ನು ಹೊಸೆದು ನೂಲು ಮಾಡಿ, ಹೊಲಿಗೆಯೇ ಇಲ್ಲದ ಹಾಗೆ ಒಂದೇ ಸುತ್ತಿನಲ್ಲಿ ಟೋಪಿ ಹೆಣೆದಳು. ಮಗಳು ಹಾಕಿಕೊಂಡು ಕಣ್ಣು ಮುಚ್ಚಿ, "ಏನೂ ಹಾಕ್ಕೊಂಡೇ ಇಲ್ಲ ಅನ್ಸತ್ತಮ್ಮ. ಯಾರೋ ತಲೆ ಮೇಲೆ ಉಸಿರಾಡ್ತಿರೋ ಹಾಗಿದೆ" ಅಂದಳು. ಆಮೇಲೆ ಕೇಳಿದಳು, "ಅವಕ್ಕೆ ಚಳಿ ಆಗಲ್ವಾ, ಉದುರಿದ ಮೇಲೆ?" ಚಿಕ್ಕವಳಿದ್ದಾಗ ಅವಳಿಗೆ ಹೇಳಿದ್ದು ಅದೇ: ಕಾಲ ಬಂದಾಗ ತಾನಾಗಿ ಉದುರುತ್ತೆ, ನಾವು ಬಾಚಿ ತೆಗೀತೀವಿ ಅಷ್ಟೆ. ಮಗುವಿಗೆ ಹೇಳಿದ ಮಾತು ಮಗು ಬೆಳೆದರೂ ಹಾಗೇ ಉಳಿದುಬಿಟ್ಟಿತ್ತು. "ಮತ್ತೆ ಬೆಳೆಯುತ್ತಲ್ಲ" ಎಂದಳು ಹತ್ತಿಯಕ್ಕ. "ನನ್ನ ಹಾಗೆ" ಎಂದಳು ಮಗಳು.

ಅವತ್ತು ಹಲಗೆಯ ಮೇಲಿದ್ದ ಮೊಲದ ಬೆನ್ನು ಮುಗಿಸಿ ಪಕ್ಕೆಗೆ ಕೈ ಹಾಕಿದ್ದಳು. ಪಕ್ಕೆಯ ಚರ್ಮ ತೆಳು, ಅಲ್ಲಿ ಕೂಗು ಜೋರು. ಅದು ಮೊಲದ ಗಂಟಲಿನಿಂದ ಬರುವುದೆಂದು ನಂಬಲಿಕ್ಕೇ ಆಗದಂಥ, ಉದ್ದ, ಎಳೆಗೂಸಿನಂಥ ಕೂಗು. ಅವಳು ಇನ್ನಷ್ಟು ಬಾಗಿ, ಕಿವಿಯ ಹತ್ತಿರ ಬಾಯಿ ತಂದು ಹೇಳುತ್ತಿದ್ದಳು: ನೋವಾಗಲ್ಲ ಕಂದಾ, ನೋವಾಗಲ್ಲ, ನಾನಿದೀನಲ್ಲ, ಇಕೋ ಮುಗೀತು. ಹಾಗೆ ಹೇಳುತ್ತಿರುವಾಗಲೇ ಪಕ್ಕದಲ್ಲಿ ಕನ್ನಡಕದವಳ ಬೈಗುಳ ನಿಂತಿತು. ಅದರಾಚೆಯ ಹಲಗೆಯಲ್ಲೂ ಮಾತು ನಿಂತಿತು. ಹತ್ತಿಯಕ್ಕ ತಲೆ ಎತ್ತಿದಳು. ಬಾಗಿಲ ಹತ್ತಿರವಲ್ಲ, ಬಾಗಿಲಿಂದ ಸಾಕಷ್ಟು ಒಳಗೆ, ಅವಳ ಬೆನ್ನ ಹಿಂದೆಯೇ ಮಗಳು ನಿಂತಿದ್ದಳು. ತಲೆಯ ಮೇಲೆ ಆ ಬಿಳಿ ಟೋಪಿ. ಮುಖದಲ್ಲಿ ಅರ್ಧ ನಗು ಇನ್ನೂ ಹಾಗೇ ಇತ್ತು. ಬರುವಾಗ ಇಟ್ಟುಕೊಂಡು ಬಂದ ನಗು, ತೆಗೆಯುವುದಕ್ಕೆ ಮರೆತದ್ದು. ಅವಳ ಕಣ್ಣು ಹಲಗೆಯ ಮೇಲಿತ್ತು. ಒಂದು ಕಡೆ ಬಿಳಿ ಉಬ್ಬು, ಇನ್ನೊಂದು ಕಡೆ ಮುದುಡಿದ, ನಸುಗೆಂಪಾದ, ಉಸಿರಿಗೆ ಏರಿಳಿಯುವ ಬರಿ ಚರ್ಮ. ಮಗಳ ಕೈ ನಿಧಾನವಾಗಿ ಟೋಪಿಯತ್ತ ಹೋಗಿ, ಮುಟ್ಟದೆ ನಿಂತು, ಕೆಳಗಿಳಿಯಿತು. ಅವಳು ತಿರುಗಿ ಹೊರಟುಹೋದಳು.

"ಮಗಳಾ?" ಎಂದ ಮೇಸ್ತ್ರಿ. "ಒಳಗೆ ಬಿಟ್ಕೋಬಾರ್ದಿತ್ತು ಅಕ್ಕಾ. ನೋಡ್ದೋರಿಗೆ ಒಂಥರಾ ಕಾಣತ್ತೆ." ಹೋಗಬೇಕು, ಈಗಲೇ ಓಡಬೇಕು ಎಂದು ಹತ್ತಿಯಕ್ಕನ ಮನಸ್ಸು ಬಾಗಿಲವರೆಗೆ ಹೋಗಿ ಬಂತು. ಕೈ ಮಾತ್ರ ಪಕ್ಕೆಯ ಮೇಲೇ ಇತ್ತು. ಅರ್ಧ ಕಿತ್ತ ಮೊಲವನ್ನು ಹಾಗೇ ಬಿಡುವ ಹಾಗಿಲ್ಲ; ಗೂಡಿಗೆ ಹಾಕಿದರೆ ಎರಡನೆಯ ಸಲ ಹಲಗೆಗೆ ತರುವಾಗ ಕಚ್ಚುತ್ತದೆ, ಎದೆ ಒಡೆದು ಸತ್ತದ್ದೂ ಉಂಟು. ಇದು ನಿಜವೇ. ನಿಜವಾದದ್ದರಿಂದಲೇ ಅವಳು ಅದರ ಹಿಂದೆ ಅಡಗಿ ನಿಲ್ಲಲು ಸಾಧ್ಯವಾಯಿತು. ಬಲಪಕ್ಕೆ ಮುಗಿಸಿ, ಹೊಟ್ಟೆ ಮುಗಿಸಿ, ಹುರಿ ಬಿಚ್ಚಿ, ಚಳಿಗೆ ನಡುಗುವ ಆ ಬೆತ್ತಲೆ ಜೀವವನ್ನು ಗೂಡಿನಲ್ಲಿಟ್ಟು, ತುಪ್ಪಟವನ್ನು ಚೀಲಕ್ಕೆ ಅದುಮಿ ಆಮೇಲೆ ಹೊರಟಳು. ಮಗಳ ಬೆನ್ನ ಹಿಂದೆ ಓಡದೆ ಮೊದಲು ಕೆಲಸ ಮುಗಿಸಿದೆ ಎಂಬುದು ದಾರಿಯುದ್ದಕ್ಕೂ ಅವಳ ಜೊತೆ ಜೊತೆಗೇ ಓಡಿ ಬಂತು.

ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಮಗಳು ಕೂತಿದ್ದಳು. ಟೋಪಿ ತೊಡೆಯ ಮೇಲಿತ್ತು. ಬೋಳುತಲೆಯ ಹುಡುಗಿಯನ್ನು ನೋಡಬಾರದೆಂದು ಪಕ್ಕದಲ್ಲಿ ನಿಂತವರೆಲ್ಲ ರಸ್ತೆಯನ್ನೇ ನೋಡುತ್ತಿದ್ದರು. ಹತ್ತಿಯಕ್ಕ ಬೆಂಚಿನ ತುದಿಯಲ್ಲಿ ಕೂತಳು.

"ಹಾಕ್ಕೋ, ಗಾಳಿ ಇದೆ."

ಮಗಳು ಟೋಪಿಯನ್ನು ತೊಡೆಯ ಮೇಲೇ ಎರಡಾಗಿ ಮಡಿಚಿದಳು.

"ಎಲ್ಲ ಕಡೆ ಹೀಗೇ ಕಣೇ. ಕತ್ತರಿ ಹಾಕಿದ್ರೆ ಎಳೆ ಗಿಡ್ಡ ಆಗತ್ತೆ, ಅದನ್ನ ಯಾರೂ ತಗೊಳ್ಳಲ್ಲ. ಮತ್ತೆ ಬೆಳೆಯತ್ತೆ. ಎರಡು ದಿನ, ಆಮೇಲೆ ಮರ್ತೇ ಬಿಡ್ತಾವೆ."

"ನಾನು ಅದನ್ನ ಕೇಳ್ಲಿಲ್ಲ."

"ಮತ್ತೆ?"

"ಅದರ ಕಿವೀಲಿ ಏನೋ ಹೇಳ್ತಿದ್ಯಲ್ಲ." ಮಗಳು ಈಗ ತಾಯಿಯ ಕಡೆ ತಿರುಗಿದಳು. ಹುಬ್ಬೂ ಇಲ್ಲದ ಆ ಮುಖದಲ್ಲಿ ಸಿಟ್ಟು ಕಾಣುವುದಕ್ಕೆ ಜಾಗವೇ ಇರಲಿಲ್ಲ. "ನನಗೆ ಸೂಜಿ ಚುಚ್ಚುವಾಗ ನೀನು ಹೇಳ್ತೀಯಲ್ಲ, ಅದೇ. ಒಂದಕ್ಷರ ವ್ಯತ್ಯಾಸ ಇಲ್ಲ. ದನಿ ಕೂಡ ಅದೇ ಅಮ್ಮಾ. ಹಿಂದೆ ನಿಂತು ಕೇಳ್ತಾ, ಒಂದು ಗಳಿಗೆ ನಾನೇ ಅಲ್ಲಿ ಮಲಗಿದೀನಿ ಅನ್ಸಿಬಿಡ್ತು."

ನಿನಗೆ ಹೇಳುವುದು ಬೇರೆ, ನಿನಗೆ ಹೇಳುವಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿರುತ್ತದೆ, ಎನ್ನಬೇಕೆಂದುಕೊಂಡಳು ಹತ್ತಿಯಕ್ಕ. ಆದರೆ ಯಾವುದು ಮೊದಲು ಕಲಿತದ್ದು? ಮಗಳ ಕಾಯಿಲೆ ಈ ವರ್ಷದ್ದು. ಮೊಲಗಳು ಎಷ್ಟೋ ವರ್ಷದವು. ಆಸ್ಪತ್ರೆಯ ಮಂಚದ ಪಕ್ಕ ನಿಂತ ಮೊದಲ ದಿನ, ನರ್ಸ್ ನರ ಹುಡುಕುತ್ತಿದ್ದಾಗ, ಬಾಯಿಂದ ತಾನಾಗಿ ಹೊರಬಂದ ಮಾತು ಎಲ್ಲಿಂದ ಬಂದಿತ್ತು ಎಂದು ಅವಳು ಯೋಚಿಸಿರಲಿಲ್ಲ.

"ಡಾಕ್ಟರು ಏನಂದ್ರು?" ಎಂದು ಕೇಳಿದಳು, ಕೇಳುವ ಹಕ್ಕಿಲ್ಲದವಳ ಹಾಗೆ.

"ಗಡ್ಡೆ ಸಣ್ಣದಾಗಿದೆಯಂತೆ. ಔಷಧಿ ಹಿಡೀತಿದೆ, ನಿಲ್ಲಿಸ್ಬಾರ್ದು ಅಂದ್ರು." ಮಗಳು ಟೋಪಿಯನ್ನು ತಾಯಿಯ ತೊಡೆಯ ಮೇಲಿಟ್ಟಳು. "ಸಂಜೆವರೆಗೆ ತಡ್ಕೊಳ್ಳೋಕಾಗ್ಲಿಲ್ಲ. ಅದನ್ನ ಹೇಳೋಣ ಅಂತ ಬಂದೆ."

ಬಸ್ಸು ಬಂತು. ಮಗಳು ಹತ್ತಿದಳು. ಹತ್ತಿಯಕ್ಕ ಶೆಡ್ಡಿಗೆ ವಾಪಸ್ಸು ಹೋದಳು. ಇನ್ನೂ ಮೊಲಗಳು ಇದ್ದವು.

ಮನೆಯಲ್ಲಿ ಜಗಳ ಎಂಬುದು ಆಗಲೇ ಇಲ್ಲ. ಆಗಿದ್ದರೆ ಚೆನ್ನಾಗಿತ್ತು. ಮಗಳು ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮಾತ್ರೆ ನುಂಗುತ್ತಿದ್ದಳು. ತಲೆಗೆ ಮಾತ್ರ ಒಂದು ಹಳೆಯ ಟವೆಲ್ಲನ್ನು ಸಡಿಲವಾಗಿ ಸುತ್ತಿಕೊಳ್ಳುತ್ತಿದ್ದಳು, ಅದು ಜಾರಿ ಬೀಳುತ್ತಿತ್ತು, ಮತ್ತೆ ಸುತ್ತಿಕೊಳ್ಳುತ್ತಿದ್ದಳು. ಹತ್ತಿಯಕ್ಕ ತನ್ನ ಸವೆದ ಹತ್ತಿ ಸೀರೆಯೊಂದನ್ನು ಹರಿದು, ಹೊಲಿಗೆ ಹೊರಬದಿಗೆ ಬರುವ ಹಾಗೆ ಟೋಪಿ ಹೊಲಿದುಕೊಟ್ಟಳು. ಮಗಳು ಹಾಕಿಕೊಂಡಳು; ಬೆಳಿಗ್ಗೆ ನೋಡಿದರೆ ಕಿವಿಯ ಹಿಂದೆ ನೀರು ಒಸರುವ ಕೆಂಪು ಗೆರೆ. "ಪರವಾಗಿಲ್ಲ" ಎಂದಳು. ಆ ಪರವಾಗಿಲ್ಲ ಎಂಬ ಮಾತಿನಲ್ಲಿ ಕನಿಕರ ಇತ್ತು, ಅದನ್ನೇ ಹತ್ತಿಯಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿ ತಿರುಗಿಸಿ ಬಿಟ್ಟು, ಕಿವಿಯ ಮೇಲಿನ ಕೂದಲನ್ನು ಹಿಡಿದಳು. ಒಂದೆರಡು ಎಳೆ ಅಲ್ಲ, ಹಲಗೆಯ ಮೇಲೆ ಹಿಡಿಯುವಷ್ಟೇ, ಹೆಬ್ಬೆರಳು ತೋರುಬೆರಳ ನಡುವೆ ತುಂಬುವಷ್ಟು. ಎಳೆದಳು. ಕಣ್ಣಿನಲ್ಲಿ ನೀರು ಚಿಮ್ಮಿತು, ಕೂದಲು ಬರಲಿಲ್ಲ. ಕೈ ತಾನೇ ನಿಂತುಬಿಟ್ಟಿತ್ತು. ಮೊಲದ ಮೇಲೆ ಒಂದು ದಿನವೂ ನಿಲ್ಲದ ಕೈ. ಮತ್ತೆ ಹಿಡಿದಳು, ಹಲ್ಲು ಕಚ್ಚಿ ಎಳೆದಳು, ಈ ಸಲ ಬಂತು. ಬುಡದಲ್ಲಿ ಚುಕ್ಕೆ ಚುಕ್ಕೆ ಬಿಳುಪು, ಒಂದೆರಡರಲ್ಲಿ ಕೆಂಪು. ನೋವಿಗಿಂತ ಹೆಚ್ಚಾಗಿ ಅವಳಿಗೆ ಹೆದರಿಕೆಯಾದದ್ದು, ನೀರಿನ ಸದ್ದಷ್ಟೇ ಇದ್ದ ಆ ಬಚ್ಚಲಲ್ಲಿ, ನೋವಾಗಲ್ಲ ಎಂದು ಹೇಳುವವರು ತನಗೆ ಯಾರೂ ಇಲ್ಲವಲ್ಲ ಎಂದು. ಹೇಳಿದ್ದರೆ? ಹೇಳಿದ್ದರೆ ಅವರ ಮುಖಕ್ಕೆ ಉಗಿಯುತ್ತಿದ್ದೆ, ಎಂದುಕೊಂಡಳು. ಕಿತ್ತ ಕೂದಲನ್ನು ನೀರಿಗೆ ಬಿಟ್ಟಳು. ಅದು ಹೋಗಲಿಲ್ಲ, ತೂತಿನ ಬಾಯಲ್ಲಿ ಸಿಕ್ಕಿಕೊಂಡಿತು. ಬಗ್ಗಿ ಕೈಯಿಂದಲೇ ತೆಗೆಯಬೇಕಾಯಿತು.

ಶೆಡ್ಡಿನಲ್ಲಿ ಅವಳಿಗೆ ಬಾಯಿ ಕಟ್ಟಿತು. ಮೊಲವನ್ನು ಮಲಗಿಸುತ್ತಾಳೆ, ಹುರಿ ಸಿಕ್ಕಿಸುತ್ತಾಳೆ, ಕಿವಿಯ ಬುಡದಲ್ಲಿ ಕೈ ಇಡುತ್ತಾಳೆ, ಬಾಗುತ್ತಾಳೆ, ಮಾತು ಬರುವುದಿಲ್ಲ. ಬೇರೆ ಏನಾದರೂ ಹೇಳೋಣವೆಂದರೆ, ನೋವಾಗುತ್ತೆ ಎಂದರೆ ಅದಕ್ಕೇನು ಉಪಯೋಗ, ಕ್ಷಮಿಸು ಎಂದರೆ ಅದಕ್ಕಿಂತ ನಾಚಿಕೆಗೇಡು ಇಲ್ಲ, ಕ್ಷಮೆ ಕೇಳುತ್ತಾ ಕೀಳುವುದೇ? ಸುಮ್ಮನೆ ಕೀಳತೊಡಗಿದಳು. ಮೊಲ ಬಿಲ್ಲಿನ ಹಾಗೆ ಬಾಗಿ ಒದೆಯಿತು. ಇನ್ನೊಂದು ಒದೆತಕ್ಕೆ ಅವಳ ಹಿಡಿತ ತಪ್ಪಿ, ತುಪ್ಪಟದ ಜೊತೆ ಅಂಗೈಯಗಲದ ಚರ್ಮ ಹರಿದು ಬಂತು. ಬಿಳಿಯ ಮೇಲೆ ರಕ್ತ ಎಷ್ಟು ಬೇಗ ಹರಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಅವಳ ಹಲಗೆಯ ಮೇಲೆ ಅದು ಹಾಗೆ ಹರಡಿದ್ದೇ ಇಲ್ಲ.

ಮೇಸ್ತ್ರಿ ಬಂದು ನೋಡಿದ. ಬೈಯಲಿಲ್ಲ. ಮೊಲವನ್ನು ತಾನೇ ಬಿಚ್ಚಿ ಯಾರಿಗೋ ಕೊಟ್ಟು ಕಳಿಸಿ, ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ, "ಏನಾಯ್ತಕ್ಕಾ? ಬಾಯಿಗೆ ಏನು ಬಂದಿದೆ?" ಅಂದ.

"ಮಾತು ಬರ್ತಿಲ್ಲ."

"ಅದಿಲ್ದೆ ನಿನ್ನ ಕೈ ಏನೂ ಅಲ್ಲ. ಕೈ ಎಲ್ಲರಿಗೂ ಇದೆ. ನಿನ್ನ ದನಿ ಕೇಳ್ತಿದ್ರೆ ಅವು ನಂಬಿ ಮೈ ಸಡಿಲ ಬಿಡ್ತಾವೆ. ಮೈ ಸಡಿಲ ಬಿಟ್ರೆ ಎಳೆ ಬುಡದಿಂದ ಬರತ್ತೆ. ಅದಕ್ಕೇ ಅಲ್ವಾ ನಾನು ನಿನ್ನ ಇಟ್ಕೊಂಡಿರೋದು?"

ಅವನು ಹೊಗಳುತ್ತಿದ್ದ. ಅವನ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ಹತ್ತಿಯಕ್ಕ ಹುರಿಯನ್ನು ನೋಡಿದಳು, ಮೊಳೆಯನ್ನು ನೋಡಿದಳು, ಹಲಗೆಯನ್ನು ನೋಡಿದಳು. ಇಷ್ಟು ದಿನ ಅವಳು ಇವುಗಳ ಮಧ್ಯೆ ನಿಂತು, ನಾನು ಇವುಗಳ ಜಾತಿಯವಳಲ್ಲ, ನಾನು ಇವುಗಳ ಕ್ರೌರ್ಯಕ್ಕೆ ಒಂದಿಷ್ಟು ಅಕ್ಕರೆ ಸುರಿಯುವವಳು ಎಂದುಕೊಂಡಿದ್ದಳು. ಆ ಅಕ್ಕರೆಯೂ ಶೆಡ್ಡಿನ ಸಾಮಾನೇ ಆಗಿತ್ತು, ಹುರಿಗಿಂತ ಗಟ್ಟಿಯಾದದ್ದು. ಪಕ್ಕದವಳ ಬೈಗುಳವೇ ವಾಸಿ. ಅದನ್ನು ಕೇಳಿದ ಮೊಲ ಕನಿಷ್ಠ ಮೋಸ ಹೋಗುತ್ತಿರಲಿಲ್ಲ.

"ಕತ್ತರಿ ಕೊಡಿ" ಎಂದಳು. "ಕತ್ತರಿಸ್ತೀನಿ. ಸಂಬಳ ಕಮ್ಮಿ ಆದ್ರೂ ಆಗ್ಲಿ."

"ಕತ್ತರಿ ಮಾಲು ನಿಲ್ಲಿಸಿಯಾಯ್ತಲ್ಲಕ್ಕಾ. ಕೊಳ್ಳೋರಿಗೆ ಉದ್ದ ಬೇಕು, ಮೆತ್ತಗಿರ್ಬೇಕು. ಹಾಕ್ಕೊಳ್ಳೋರು ಕೆನ್ನೆಗೆ ಒತ್ಕೊಂಡು ನೋಡ್ತಾರಂತೆ." ಅವನು ಒದ್ದೆ ಬಟ್ಟೆಯನ್ನು ಹಿಂಡಿದ. "ಮಗಳಿಗೆ ಔಷಧಿ ನಡೀತಿದೆ. ಈಗ ಇಂಥದ್ದೆಲ್ಲ ತಲೇಲಿ ಇಟ್ಕೋಬೇಡ. ನಾಳೆ ಸರಿಹೋಗತ್ತೆ."

ಅವನು ಹೋದ ಮೇಲೆ ಕನ್ನಡಕದವಳು ಬಂದು ಒಂದು ಲೋಟ ನೀರು ಕೊಟ್ಟಳು. "ಕುಡಿ. ನಾವೇನು ಇದನ್ನ ಹಾಕ್ಕೊಂಡು ಮೆರೀತಿದೀವಾ? ಹಾಕ್ಕೊಂಡೋರು ನಿದ್ದೆ ಕೆಡಿಸ್ಕೊಳ್ಳಲಿ, ನೀನ್ಯಾಕೆ?" ಹತ್ತಿಯಕ್ಕ ನೀರು ಕುಡಿಯುತ್ತಾ, ಹಾಕಿಕೊಂಡವಳು ನನ್ನ ಮನೆಯಲ್ಲೇ ಇದ್ದಾಳೆ, ಎಂದುಕೊಂಡಳು.

ಮುಂದಿನ ಸಲ ಔಷಧಿ ಏರಿಸುವ ದಿನ ಮೇಸ್ತ್ರಿಯೇ ರಜೆ ಕೊಟ್ಟ. ಆಸ್ಪತ್ರೆಯಲ್ಲಿ ಮಗಳು ತೋಳು ಚಾಚಿ ಮಲಗಿದಳು. ನರ್ಸ್ ಮಣಿಕಟ್ಟಿನ ಮೇಲೆ ತಟ್ಟಿ ತಟ್ಟಿ ನರ ಹುಡುಕಿದಳು, ಒಂದು ಕಡೆ ಚುಚ್ಚಿ ತೆಗೆದಳು, ಇನ್ನೊಂದು ಕಡೆ ಚುಚ್ಚಿದಳು. ಹತ್ತಿಯಕ್ಕ ಮಂಚದ ಆಚೆ ಕೈಕಟ್ಟಿ ನಿಂತಿದ್ದಳು. ಬಾಯಿ ಬಿಗಿಹಿಡಿದಿದ್ದಳು. ಮಗಳು ಛಾವಣಿ ನೋಡುತ್ತಾ ತುಟಿ ಕಚ್ಚಿ, ಒಮ್ಮೆ ತಾಯಿಯ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ಹತ್ತಿಯಕ್ಕನಿಗೆ ತಿಳಿಯಲಿಲ್ಲ. ಏನಾದರೂ ಹೇಳು ಎಂದೋ, ಹೇಳಬೇಡ ಎಂದೋ. "ಏನಮ್ಮಾ, ಮಗಳ ಕೈಯಾದ್ರೂ ಹಿಡ್ಕೊಳ್ಳಿ" ಎಂದು ನರ್ಸ್ ಗದರಿದಳು. ಹಿಡಿದುಕೊಂಡಳು. ಅವಳ ಬೆರಳಿನ ಒರಟು ಮಗಳ ಅಂಗೈಗೆ ತಾಗಿ, ಎರಡು ಕೈಯೂ ಸುಮ್ಮನೆ ಒಂದರ ಮೇಲೊಂದು ಬಿದ್ದಿದ್ದವು.

ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಚಳಿ ಹಿಡಿದಿತ್ತು. ಹೊರಗೆ ಬಿಸಿಲು, ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆಯುತ್ತಿದ್ದರು. ಒಳಗೆ ಮಗಳು ಮೂರು ಹೊದಿಕೆಯ ಕೆಳಗೆ ಹಲ್ಲು ಕಟಕಟ ಎನ್ನಿಸುತ್ತಾ ಮುದುಡಿಕೊಂಡಿದ್ದಳು. ಟವೆಲ್ಲು ಜಾರಿತ್ತು. ಹತ್ತಿ ಟೋಪಿ ಹಾಕಲು ಹೋದರೆ, ಹುಣ್ಣಾದ ಗೆರೆಗೆ ತಗುಲಿ, ನರಳಿ ತಲೆ ತಪ್ಪಿಸಿದಳು. ಹತ್ತಿಯಕ್ಕ ತನ್ನ ಎರಡೂ ಅಂಗೈಯನ್ನು ಒಲೆಯ ಮೇಲೆ ಕಾಯಿಸಿಕೊಂಡು ಬಂದು ನೆತ್ತಿಯ ಮೇಲೆ ಇಟ್ಟಳು. ಅಷ್ಟು ಹೊತ್ತು ಒರಟು ತಾಗದ ಹಾಗೆ, ಮುಟ್ಟಿಯೂ ಮುಟ್ಟದ ಹಾಗೆ ಹಿಡಿದುಕೊಂಡು ಅವಳ ತೋಳು ಸೋಲತೊಡಗಿತು. ಅಂಗೈ ಬೇಗ ತಣ್ಣಗಾಗುತ್ತಿತ್ತು.

"ಅಮ್ಮಾ" ಎಂದಳು ಮಗಳು, ಕಣ್ಣು ಮುಚ್ಚಿಕೊಂಡೇ. "ಅದನ್ನ ಕೊಡು."

ಯಾವುದು ಎಂದು ಹತ್ತಿಯಕ್ಕ ಕೇಳಲಿಲ್ಲ. ಬೀರುವಿನಲ್ಲಿ ಬೆಡ್‌ಶೀಟುಗಳ ಕೆಳಗಿಟ್ಟಿದ್ದ ಆ ಬಿಳಿ ಟೋಪಿಯನ್ನು ತಂದು, ತಾನು ಹಾಕದೆ, ಮಗಳ ಕೈಗೆ ಕೊಟ್ಟಳು. ಮಗಳು ಅದನ್ನು ಒಂದಿಷ್ಟು ಹೊತ್ತು ಹೊದಿಕೆಯ ಒಳಗೇ ಹಿಡಿದುಕೊಂಡಿದ್ದಳು. ಆಮೇಲೆ ಎರಡೂ ಕೈಯಿಂದ ತಲೆಗೇರಿಸಿಕೊಂಡಳು. ನಡುಕ ಒಮ್ಮೆಗೇ ನಿಲ್ಲಲಿಲ್ಲ. ಮೊದಲು ಹಲ್ಲಿನ ಸದ್ದು ನಿಂತಿತು, ಆಮೇಲೆ ಹೆಗಲು ಇಳಿಯಿತು, ಆಮೇಲೆ ಅವಳು ಅಳತೊಡಗಿದಳು. ದನಿಯಿಲ್ಲದೆ, ಕೆನ್ನೆಯ ಮೇಲೆ ನೀರು ಸುಮ್ಮನೆ ಹರಿಯಿತು.

"ಎಷ್ಟು ಬೆಚ್ಚಗಿದೆ" ಎಂದಳು. "ಛೀ. ಎಷ್ಟು ಬೆಚ್ಚಗಿದೆ ಅಮ್ಮಾ ಇದು."

"ನಿಂದೇನಿಲ್ಲ ಇದರಲ್ಲಿ" ಎಂದಳು ಹತ್ತಿಯಕ್ಕ ಆತುರದಿಂದ. "ಕಿತ್ತಿದ್ದು ನಾನು. ಹೆಣೆದಿದ್ದು ನಾನು. ನಿನಗೆ ಗೊತ್ತಿರ್ಲಿಲ್ಲ. ಪಾಪ ಇದ್ರೆ ಪೂರ್ತಿ ನಂದು, ನಿನಗೆ ಬರೀ ಚಳಿ ಆಗಿತ್ತು ಅಷ್ಟೆ."

"ಈಗ ಗೊತ್ತಿತ್ತಲ್ಲ" ಎಂದಳು ಮಗಳು. "ಗೊತ್ತಿದ್ದೂ ಕೇಳಿದೆ."

ಹತ್ತಿಯಕ್ಕ ಮಗಳಿಗೆ ತನ್ನ ಕಣ್ಣು ಕೊಡಬಲ್ಲಳು, ರಕ್ತ ಕೊಡಬಲ್ಲಳು, ಡಾಕ್ಟರು ಕೇಳಿದ್ದರೆ ಎಲ್ಲವನ್ನೂ ಕೊಡುತ್ತಿದ್ದಳು. ಕೊಡದೆ ತನ್ನ ಹತ್ತಿರವೇ ಇಟ್ಟುಕೊಳ್ಳಬೇಕೆಂದಿದ್ದದ್ದು ಈ ಪಾಪವೊಂದನ್ನೇ, ಇದರಲ್ಲೂ ಮಗಳು ಪಾಲು ತೆಗೆದುಕೊಂಡುಬಿಟ್ಟಳು. ಬೀದಿಯ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಅದರಲ್ಲಿ, ಎಷ್ಟು ಕೊಡವಿದರೂ ಮನೆಯೊಳಗೆ ಬಂದುಬಿಡುವ ನವಿರುಗಳು ಕೆಳಗೆ ಇಳಿಯದೆ ಸುತ್ತುತ್ತಿದ್ದವು.

"ನಾಳೆ ಶೆಡ್ಡಿಗೆ ಹೋಗ್ತೀಯಾ?" ಎಂದು ಮಗಳು ಕೇಳಿದಳು.

"ಹೋಗ್ತೀನಿ."

ಇನ್ನೇನಾದರೂ ಬರುತ್ತದೋ ಎಂದು ಹತ್ತಿಯಕ್ಕ ಕಾದಳು. ಹೋಗಬೇಡ ಎಂದರೆ ಹೋಗಬಾರದೆಂದು, ಆ ಒಂದು ಮಾತಿಗೆ ಕಾದಳು. ಮಗಳು ಗೋಡೆಯ ಕಡೆ ಹೊರಳಿ, ಟೋಪಿಯನ್ನು ಎರಡೂ ಕಿವಿ ಮುಚ್ಚುವ ಹಾಗೆ ಕೆಳಗೆ ಎಳೆದುಕೊಂಡಳು.